ವ್ಯಾಕರಣದಿಂದ ಕಲಿತ ಸಂಗೀತ

ಧಾರವಾಡದಲ್ಲಿರುವ ನನ್ನ ಷಡ್ಡಕನಿಗೆ ಫೋನಿನಲ್ಲಿ, 'ಜಪಾನಿನ ಒಬ್ಬ ಕಂಡಕ್ಟರ್ ಬಗ್ಗೆ ಬರಿಯಾಕತ್ತೀನಿ' ಅಂದೆ. 'ಜಪಾನ್ ಇರಲಿ, ಯಾವ ಡಿಪೋದಾಂವ?' ಅಂತ ಕೇಳಿದ. ತಪ್ಪು ಅವನದಲ್ಲ. ನಮ್ಮ ಕಡೆ ಕಂಡಕ್ಟರ್ ಅಂದರೆ ಟಿಕೆಟ್ ಹರಿಯುವವನು, ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ತಂಡ. ನಾನು ಹೇಳಹೊರಟಿರುವ ಆರ್ಕೆಸ್ಟ್ರಾದಲ್ಲಿ ಎಂಬತ್ತು, ನೂರು ಜನ ಕೂತಿರುತ್ತಾರೆ. ಪ್ರತಿಯೊಬ್ಬರ ಮುಂದೆಯೂ ಅವರವರು ನುಡಿಸಬೇಕಾದ್ದು ಬರೆದಿರುತ್ತದೆ. ಅವರ ನಡುವೆ ಎತ್ತರದ ಮಣೆಯ ಮೇಲೆ ನಿಂತ ಒಬ್ಬ ಮನುಷ್ಯ ಒಂದು ಸ್ವರವನ್ನೂ ನುಡಿಸದೆ ಬರೀ ಕೈಯಾಡಿಸುತ್ತಾನೆ. ಅವನೇ ಕಂಡಕ್ಟರ್.

ನಾನು ಸಂಗೀತ ವಿಮರ್ಶಕನಲ್ಲ. ಎಂ.ಕಾಂ. ಮಾಡಿ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವನು. ಕಿವಿ ಮಾತ್ರ ಧಾರವಾಡದ್ದು, ಮನ್ಸೂರರನ್ನೂ ಭೀಮಸೇನರನ್ನೂ ಕೇಳಿ ಬೆಳೆದದ್ದು. 1989ರಲ್ಲಿ ಮುಂಬೈಗೆ ವರ್ಗವಾಗಿ ಬಂದಾಗ ಡೊಂಬಿವಲಿಯಲ್ಲಿ ಮನೆ, ಫೋರ್ಟಿನಲ್ಲಿ ಆಫೀಸು. ಕಾಲಾ ಘೋಡಾದ ಹತ್ತಿರ ರಿದಮ್ ಹೌಸ್ ಅಂತ ಕ್ಯಾಸೆಟ್ ಅಂಗಡಿ ಇತ್ತು (2016ರಲ್ಲಿ ಮುಚ್ಚಿತು). ಒಂದು ಶನಿವಾರ ಮನ್ಸೂರರ ಕ್ಯಾಸೆಟ್ ಹುಡುಕುತ್ತ ಹೋದಾಗ ಅಲ್ಲಿ ಏನೋ ವಿಲಾಯತಿ ಸಂಗೀತ ಹಾಕಿದ್ದರು. ಒಂದು ಸಣ್ಣ ನಗಾರಿ ಒಂದೇ ಠೇಕಾ ಹಿಡಿದು ಬಿಡದೆ ನುಡಿಯುತ್ತಿತ್ತು. ಅದರ ಮೇಲೆ ಒಂದೇ ರಾಗದೆಳೆ, ವಾದ್ಯದಿಂದ ವಾದ್ಯಕ್ಕೆ ದಾಟುತ್ತ, ದೊಡ್ಡದಾಗುತ್ತ. ಠೇಕಾ ಹಿಡಿದುಕೊಂಡು ನಾನೂ ಕೊನೆಯವರೆಗೆ ನಿಂತೆ. ಅದು ರಾವೆಲ್‌ನ 'ಬೊಲೆರೊ'. ನುಡಿಸಿದ್ದು ಅಮೆರಿಕದ ಬಾಸ್ಟನ್ ಸಿಂಫನಿ. ಕ್ಯಾಸೆಟ್ಟಿನ ಮೇಲೆ ಉದ್ದ ಕೂದಲಿನ ಜಪಾನಿ ಮುಖ, ಹೆಸರು ಸೇಜಿ ಒಜಾವಾ. ಫ್ರೆಂಚರ ಸಂಗೀತ, ಅಮೆರಿಕದ ವಾದ್ಯಗಾರರು, ನಡೆಸುವವನು ಜಪಾನಿ! ಕನ್ನಡದವನಾಗಿ ಮರಾಠಿ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಸಾಲ ಮಂಜೂರು ಮಾಡುತ್ತಿದ್ದ ನನಗೆ ಈ ಮನುಷ್ಯ ನಮ್ಮವನೇ ಅನ್ನಿಸಿಬಿಟ್ಟ.

ಅಂದಿನಿಂದ 2024ರ ಫೆಬ್ರವರಿ 6ರಂದು ಅವರು 88ನೆಯ ವಯಸ್ಸಿನಲ್ಲಿ ಟೋಕಿಯೊದಲ್ಲಿ ತೀರಿಕೊಳ್ಳುವವರೆಗೂ ಬಿಟ್ಟುಬಿಟ್ಟು ಅವರನ್ನು ಕೇಳುತ್ತ ಬಂದಿದ್ದೇನೆ. ಸತ್ತಾಗ ಪತ್ರಿಕೆಗಳು ಬರೆದದ್ದು ಒಂದೇ ಮಾತು: ಪೂರ್ವ ಪಶ್ಚಿಮಗಳ ನಡುವಿನ ಸೇತುವೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಸೇತುವೆಗೆ ಊರಿಲ್ಲ. ಒಜಾವಾ ಅವರಿಗೆ ಇತ್ತು, ಮತ್ತು ಆ ಊರು ಅವರನ್ನು ಒಮ್ಮೆ ಬಾಗಿಲಾಚೆ ನಿಲ್ಲಿಸಿತ್ತು.

ಅವರು ಹುಟ್ಟಿದ್ದು 1935ರಲ್ಲಿ, ಜಪಾನಿನಲ್ಲಲ್ಲ, ಚೀನಾದ ಶೆನ್ಯಾಂಗ್‌ನಲ್ಲಿ. ಆಗ ಅದು ಜಪಾನೀಯರು ಹಿಡಿದುಕೊಂಡಿದ್ದ ಮಂಚೂರಿಯಾ. ತಂದೆ ಹಲ್ಲಿನ ವೈದ್ಯರು. ಮಗನಿಗೆ ಹೆಸರಿಟ್ಟದ್ದು ಮಂಚೂರಿಯಾ ಆಕ್ರಮಣದ ಇಬ್ಬರು ಸೇನಾಧಿಕಾರಿಗಳಾದ ಇತಾಗಾಕಿ ಸೇಶಿರೊ ಮತ್ತು ಇಶಿವಾರಾ ಕಾಂಜಿಯವರ ಹೆಸರಿನ ತುಂಡುಗಳನ್ನು ಜೋಡಿಸಿ. 1941ರಲ್ಲಿ ಕುಟುಂಬ ಜಪಾನಿಗೆ ವಾಪಸಾಯಿತು. 1945ರ ನಂತರ ಅವರು ಹುಟ್ಟಿದ ಆ ರಾಜ್ಯವೇ ನಕಾಶೆಯಲ್ಲಿ ಉಳಿಯಲಿಲ್ಲ. ಯುದ್ಧ ಮುಗಿದ ಬಡತನದಲ್ಲಿ ಹುಡುಗನಿಗಾಗಿ ಯೊಕೊಹಾಮಾದಲ್ಲೊಂದು ಹಳೆಯ ಪಿಯಾನೊ ಕೊಂಡರು. ತರಲು ವಾಹನವಿಲ್ಲ. ಅಣ್ಣಂದಿರು ಅದನ್ನು ಕೈಗಾಡಿಯ ಮೇಲೆ ಹೇರಿ ಮೂರು ದಿನ ಎಳೆದುಕೊಂಡು ತಾಚಿಕಾವಾದ ಮನೆ ಮುಟ್ಟಿಸಿದರು. ಇಷ್ಟೆಲ್ಲ ಆದಮೇಲೆ ಹುಡುಗ ರಗ್ಬಿ ಆಡಿ ಬೆರಳಿಗೆ ಪೆಟ್ಟು ಮಾಡಿಕೊಂಡ. ಪಿಯಾನೊ ಅಲ್ಲಿಗೆ ಮುಗಿಯಿತು. ಆಗ ಸಿಕ್ಕವರು ಗುರು ಹಿದೆಓ ಸಾಯ್ತೊ.

ಈ ಸಾಯ್ತೊ ಅವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕಂದರೆ ನನ್ನ ಲೇಖನದ ಗಂಟು ಇರುವುದೇ ಅಲ್ಲಿ. ಅವರ ತಂದೆ ಹಿದೆಸಾಬುರೊ ಸಾಯ್ತೊ ಇಂಗ್ಲಿಷ್ ವ್ಯಾಕರಣದ ಪಂಡಿತರು, ಜಪಾನೀಯರಿಗಾಗಿ ಇಂಗ್ಲಿಷ್ ನಿಘಂಟುಗಳನ್ನು ಮಾಡಿದವರು. ನಮ್ಮಲ್ಲಿ ಜರ್ಮನಿಯ ಕಿಟೆಲ್ ಬಂದು ಕನ್ನಡಕ್ಕೆ ನಿಘಂಟು ಮಾಡಿದರಲ್ಲ, ಅದರ ತಿರುಗುಮುರುಗು. ಮಗ ಜರ್ಮನಿಗೆ ಹೋಗಿ ಚೆಲ್ಲೊ ಕಲಿತು ಬಂದರು. 1948ರಲ್ಲಿ ಟೋಕಿಯೊದಲ್ಲಿ ಕೆಲವರ ಜೊತೆಗೂಡಿ ಮಕ್ಕಳಿಗೊಂದು ಸಂಗೀತ ಶಾಲೆ ತೆಗೆದರು. ಅಪ್ಪ ಇಂಗ್ಲಿಷಿಗೆ ಮಾಡಿದ್ದನ್ನು ಮಗ ಯುರೋಪಿನ ಸಂಗೀತಕ್ಕೆ ಮಾಡಿದರು ಅನ್ನಬಹುದು. ಕೈ ಯಾವ ಎತ್ತರದಿಂದ ಬೀಳಬೇಕು, ಎಲ್ಲಿ ತಟ್ಟಿದಂತಿರಬೇಕು, ಎಲ್ಲಿ ಸಡಿಲಬೇಕು ಎಂದು ಒಂದೊಂದು ಚಲನೆಯನ್ನೂ ಬಿಡಿಸಿ, ಹೆಸರಿಟ್ಟು, 1956ರಲ್ಲಿ ಪುಸ್ತಕ ಬರೆದರು. ಭಾರಿ ಸಿಡುಕಿನ ಮೇಷ್ಟ್ರು.

ಇದೇ ಕಾಲಕ್ಕೆ ಜಪಾನಿನ ಮಾತ್ಸುಮೊತೊ ಎಂಬ ಊರಿನಲ್ಲಿ ಶಿನಿಚಿ ಸುಜುಕಿ ಇನ್ನೊಂದು ದಾರಿ ಹಿಡಿದಿದ್ದರು. ಮಗು ತಾಯಿನುಡಿ ಕಲಿಯುವ ಹಾಗೆಯೇ, ಕೇಳಿ ಕೇಳಿ, ಪಿಟೀಲು ಕಲಿಯಬೇಕು ಅನ್ನುವುದು ಅವರ ಪದ್ಧತಿ. ಈಗ ನಮ್ಮ ಬೆಂಗಳೂರು, ಮುಂಬೈಗಳಲ್ಲೂ ಆ ಹೆಸರು ಕೇಳುತ್ತದೆ. ಸುಜುಕಿಯವರದು ತಾಯಿನುಡಿಯ ದಾರಿ, ಸಾಯ್ತೊ ಅವರದು ವ್ಯಾಕರಣದ ದಾರಿ. ಒಜಾವಾ ವ್ಯಾಕರಣದ ದಾರಿಯಲ್ಲಿ ಬಂದವರು. ನಮ್ಮ ಮುಂಬೈಯಲ್ಲಿ 1936ರಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಅವರನ್ನು ಪಕ್ಕದಲ್ಲಿಟ್ಟು ನೋಡಿ. ಅವರ ತಂದೆ ಮೆಹ್ಲಿ ಮೆಹ್ತಾ ಪಿಟೀಲುಗಾರರು, ಬಾಂಬೆ ಸಿಂಫನಿ ಕಟ್ಟಿದವರು. ಜುಬಿನ್ ಅವರಿಗೆ ಈ ಸಂಗೀತ ಮನೆಮಾತಾಗಿಯೇ ಬಂತು. ಅರವತ್ತರ ದಶಕದಲ್ಲಿ ಕೆಲಕಾಲ ಕೆನಡಾದ ಎರಡು ದೊಡ್ಡ ಆರ್ಕೆಸ್ಟ್ರಾಗಳು ಈ ಇಬ್ಬರ ಕೈಯಲ್ಲಿದ್ದವು. ಮಾಂಟ್ರಿಯಲ್ ಪಾರ್ಸಿಯದು, ಟೊರಾಂಟೊ ಜಪಾನಿಯದು.

ವ್ಯಾಕರಣದಿಂದ ಕಲಿಯುವುದು ಅಂದರೇನು ಅಂತ ನನಗೆ ಗೊತ್ತು. ಮರಾಠಿಯನ್ನು ನಾನು ಕಲಿತದ್ದು ಹಾಗೆಯೇ, ಪುಸ್ತಕ ತಂದು, ಲಿಂಗ ವಿಭಕ್ತಿ ಬಾಯಿಪಾಠ ಮಾಡಿ. ಒಂದು ದಿನ ಕೌಂಟರಿನಲ್ಲಿ ವಯಸ್ಸಾದ ಗಿರಾಕಿಯೊಬ್ಬರು, 'ತುಮಚಂ ಮರಾಠಿ ಅಗದಿ ಪುಸ್ತಕಾಸಾರಖಂ ಆಹೆ, ಸಾಹೇಬ' ಅಂದರು. ಅಗದಿ ಪುಸ್ತಕದ ಹಾಗೆ! ಹೊಗಳಿದರೋ ಚುಚ್ಚಿದರೋ ಇವತ್ತಿಗೂ ತಿಳಿದಿಲ್ಲ. ಒಜಾವಾ ಅವರ ಬೀಥೊವನ್, ಮೊಜಾರ್ಟ್ ಕೇಳುವಾಗ ಆ ಹಿರಿಯರ ಮಾತು ನೆನಪಾಗುತ್ತದೆ. ಎಲ್ಲ ಸರಿಯಿದೆ, ಸ್ವಚ್ಛವಿದೆ, ಒಂದು ಗೆರೆ ಅಳುಕಿಲ್ಲ. ಆದರೆ ಮನೆಮಾತಿನವನು ಸಿಟ್ಟಿನಲ್ಲಿ ಅರ್ಧ ಮಾತು ನುಂಗುತ್ತಾನಲ್ಲ, ಆ ನುಂಗುವಿಕೆ ಇಲ್ಲ. ಅದೇ ಬರ್ಲಿಯೋಜ್, ರಾವೆಲ್, ಬಾರ್ಟೊಕ್, ಮೆಸ್ಸಿಯಾನ್ ಮುಂತಾದವರಲ್ಲಿ, ಬಣ್ಣ ಹೆಚ್ಚು, ಲೆಕ್ಕ ಕಠಿಣ ಇರುವ ಕಡೆ, ಅವರನ್ನು ಹಿಡಿಯುವವರು ಕಡಿಮೆ. ಮೆಸ್ಸಿಯಾನರ ಸಂತ ಫ್ರಾನ್ಸಿಸನ ಭಾರಿ ಅಪೆರಾವನ್ನು 1983ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ನಡೆಸಲು ಕರೆದದ್ದು ಈ ಜಪಾನಿಯನ್ನೇ. ಆ ಭಾಷೆ ಎಲ್ಲರಿಗೂ ಹೊಸದು. ಅಲ್ಲಿ ಯಾರಿಗೂ ಮನೆಮಾತಿನ ಅನುಕೂಲವಿಲ್ಲ.

1959ರಲ್ಲಿ ಒಜಾವಾ ಸರಕಿನ ಹಡಗು ಹತ್ತಿ ಫ್ರಾನ್ಸಿಗೆ ಹೊರಟರು. ಜೊತೆಗೊಂದು ಸ್ಕೂಟರು, ಒಂದು ಗಿಟಾರು. ಅದೇ ವರ್ಷ ಬೆಜಾಂಸೊನ್ ಊರಿನ ಕಂಡಕ್ಟರುಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಮರುವರ್ಷ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ ಬಹುಮಾನ. ಬರ್ಲಿನ್ನಿನಲ್ಲಿ ಕಾರಾಯಾನ್ ಅವರ ಬಳಿ ಕಲಿಕೆ, ನ್ಯೂಯಾರ್ಕಿನಲ್ಲಿ ಬರ್ನ್‌ಸ್ಟೈನ್ ಅವರ ಸಹಾಯಕನ ಕೆಲಸ. ಇಪ್ಪತ್ತಾರು ವರ್ಷಕ್ಕೆ ಇಷ್ಟು! ಊರಿನವರು ಹಾರ ಹಾಕಬೇಕಿತ್ತು. ಎನ್‌ಎಚ್‌ಕೆ ಸಿಂಫನಿ, ಜಪಾನಿನ ಎಲ್ಲಕ್ಕಿಂತ ಪ್ರತಿಷ್ಠಿತ ಆರ್ಕೆಸ್ಟ್ರಾ, 1962ರಲ್ಲಿ ಕರೆಯಿತು. ಕೆಲವೇ ತಿಂಗಳಲ್ಲಿ ಸಂಬಂಧ ಹಳಸಿತು. ಹುಡುಗನಿಗೆ ಅನುಭವ ಕಡಿಮೆ, ತಪ್ಪುಗಳೂ ಆದವು. ಆದರೆ ಹಿರಿಯ ವಾದ್ಯಗಾರರಿಗೆ ಚುಚ್ಚಿದ್ದು ತಪ್ಪುಗಳಿಗಿಂತ ಅವನ ನಡೆನುಡಿ, ಅಮೆರಿಕದ ಸಲಿಗೆ. ಇವನ ಕೈಕೆಳಗೆ ನುಡಿಸುವುದಿಲ್ಲ ಅಂತ ಅವರು ಹೇಳಿಬಿಟ್ಟರು. ಡಿಸೆಂಬರಿನ ಕಾರ್ಯಕ್ರಮಗಳು ರದ್ದಾದವು. ಗೊತ್ತಾದ ದಿನ ಒಜಾವಾ ಟೋಕಿಯೊದ ಸಭಾಂಗಣಕ್ಕೆ ಹೋದರು. ಖಾಲಿ ವೇದಿಕೆ, ಖಾಲಿ ಕುರ್ಚಿಗಳು. ಒಬ್ಬರೇ ಕೂತರು.

ಮುಂದಿನ ತಿಂಗಳು, 1963ರ ಜನವರಿಯಲ್ಲಿ, ಒಜಾವಾ ಅವರ ಸಂಗೀತ ಕೇಳೋಣ ಅಂತಲೇ ಹೆಸರಿಟ್ಟು ಬೇರೆ ಆರ್ಕೆಸ್ಟ್ರಾದ ಜೊತೆ ಒಂದು ಕಛೇರಿ ಏರ್ಪಡಿಸಲಾಯಿತು. ಅದರ ಹಿಂದೆ ನಿಂತವರಲ್ಲಿ ಕಾದಂಬರಿಕಾರ ಯುಕಿಯೊ ಮಿಶಿಮಾ, ಕವಿ ಶುಂತಾರೊ ತಾನಿಕಾವಾ, ಸಂಗೀತ ರಚನಕಾರ ತೋರು ತಾಕೆಮಿತ್ಸು ಇದ್ದರು. ಸಾಹಿತಿಗಳು ಸಂಗೀತಗಾರನ ಬೆನ್ನಿಗೆ ನಿಂತ ಈ ಭಾಗ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಒಜಾವಾ ಜಪಾನ್ ಬಿಟ್ಟರು. ಆ ಆರ್ಕೆಸ್ಟ್ರಾದ ಮುಂದೆ ಮತ್ತೆ ನಿಂತದ್ದು 1995ರಲ್ಲಿ, ಮೂವತ್ತೆರಡು ವರ್ಷಗಳ ನಂತರ.

ಎಲ್ಲಿಯ ಒಜಾವಾ, ಎಲ್ಲಿಯ ನಾನು. ಆದರೂ ಒಂದು ಮಾತು. 1998ರಲ್ಲಿ ನನಗೆ ಧಾರವಾಡದ ಕಡೆಯ ಒಂದು ಶಾಖೆಗೆ ಮ್ಯಾನೇಜರಾಗಿ ವರ್ಗವಾಯಿತು. ಬೇಡಿ ಪಡೆದ ವರ್ಗ. ಊರಿಗೆ ಬಂದೆ ಅಂತ ಸಂಭ್ರಮದಲ್ಲಿ ಹೋದೆ. ಹತ್ತೂವರೆಗೆ ಕೌಂಟರು ತೆರೆಯಲೇಬೇಕು ಅಂದದ್ದಕ್ಕೆ ಮೂರನೆಯ ದಿನವೇ, 'ಏನ್ರಿ ಸಾಹೇಬ್ರ, ನಿಮ್ಮ ಮುಂಬೈದಾಗ ಹಂಗ ನಡೀತದೇನೊ, ನಮ್ಮಲ್ಲೆ ನಡಿಯೂದಿಲ್ರಿ' ಅಂತ ಉತ್ತರ ಬಂತು. 'ನಿಮ್ಮ ಮುಂಬೈ', 'ನಮ್ಮಲ್ಲೆ'. ಡೊಂಬಿವಲಿಯಲ್ಲಿ ಹತ್ತು ವರ್ಷ ಕನ್ನಡದವನು ಅನ್ನಿಸಿಕೊಂಡಿದ್ದವನು ಧಾರವಾಡದಲ್ಲಿ ಮುಂಬೈಯವನಾದೆ. ಊರಲ್ಲೇ ಇರುವ ನಿಮಗೆ ಇದು ಸಣ್ಣ ಮಾತು ಅನ್ನಿಸಬಹುದು. ನಾನೂ ಸ್ವಲ್ಪ ಒರಟಾಗಿಯೇ ಹೇಳಿದ್ದೆ ಅಂತ ಈಗ ಒಪ್ಪುತ್ತೇನೆ.

ಒಜಾವಾ ಅವರ ಎಲ್ಲ ಕೆಲಸಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಆರಿಸುವುದು ತಾಕೆಮಿತ್ಸು ಅವರ 'ನವೆಂಬರ್ ಸ್ಟೆಪ್ಸ್'. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ತನ್ನ 125ನೆಯ ವರ್ಷಕ್ಕೆಂದು ಬರೆಸಿದ್ದು. 1967ರ ನವೆಂಬರಿನಲ್ಲಿ ಮೊದಲು ನುಡಿಸಿದ್ದು ಒಜಾವಾ ಅವರ ಕೈಯಲ್ಲಿ. ಅದೇ ಕಾಲದಲ್ಲಿ ಟೊರಾಂಟೊದ ಜೊತೆ ಧ್ವನಿಮುದ್ರಣವೂ ಆಯಿತು. ಪಶ್ಚಿಮದ ಆರ್ಕೆಸ್ಟ್ರಾದ ಮುಂದೆ ಎರಡು ಜಪಾನಿ ವಾದ್ಯಗಳು. ಬಿದಿರಿನ ಕೊಳಲು ಶಾಕುಹಾಚಿ, ಅಗಲವಾದ ಮೀಟುಗೋಲಿನಿಂದ ಬಾರಿಸುವ ತಂತಿವಾದ್ಯ ಬಿವಾ. ನಮ್ಮಲ್ಲಿ ಫ್ಯೂಷನ್ ಅಂತ ಮಾಡುತ್ತಾರಲ್ಲ, ಪಿಟೀಲೂ ಡ್ರಮ್ಮೂ ಸೇರಿಸಿ ಎಲ್ಲರೂ ಒಂದೇ ತಾಳಕ್ಕೆ ತಲೆದೂಗುವುದು, ಅದು ಇಲ್ಲಿಲ್ಲ. ತಾಕೆಮಿತ್ಸು ಎರಡನ್ನೂ ಬೆರೆಸುವುದೇ ಇಲ್ಲ. ಆರ್ಕೆಸ್ಟ್ರಾ ಒಂದಷ್ಟು ಹೇಳುತ್ತದೆ, ಸುಮ್ಮನಾಗುತ್ತದೆ. ಇವರಿಬ್ಬರು ತಮ್ಮದನ್ನು ತಮ್ಮ ಉಸಿರಿನ ಅಳತೆಯಲ್ಲಿ ನುಡಿಸುತ್ತಾರೆ. ಕೊನೆಯ ಕಡೆ ಒಂದು ದೀರ್ಘ ಭಾಗವಿದೆ. ಬಿವಾ, ಶಾಕುಹಾಚಿ ಎರಡೇ. ಆರ್ಕೆಸ್ಟ್ರಾ ಪೂರ್ತಿ ಮೌನ, ಕಂಡಕ್ಟರಿಗೆ ಏನೂ ಕೆಲಸವಿಲ್ಲ. ಉಸಿರಿನ ಗಾಳಿ ಸಮೇತ ಕೇಳುವ ಆ ಕೊಳಲು, ಹಲಗೆಗೆ ಬಡಿದಂತೆ ಬೀಳುವ ಆ ಮೀಟು. ಕೈ ಕೆಳಗಿಳಿಸಿ ನಿಂತ ಒಜಾವಾ ಆಗ ಏನು ಯೋಚಿಸುತ್ತಿದ್ದಿರಬಹುದು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬಾಸ್ಟನ್ ವಿಷಯ ಬೇಗ ಮುಗಿಸುತ್ತೇನೆ. 1973ರಿಂದ 2002, ಇಪ್ಪತ್ತೊಂಬತ್ತು ವರ್ಷ ಅಲ್ಲಿ ಸಂಗೀತ ನಿರ್ದೇಶಕ. ನಮ್ಮ ಬ್ಯಾಂಕಿನಲ್ಲಿ ಒಂದೇ ಕುರ್ಚಿಯಲ್ಲಿ ಅಷ್ಟು ದಿನ ಕೂತರೆ ವಿಜಿಲೆನ್ಸಿನವರು ಬರುತ್ತಾರೆ. 1979ರಲ್ಲಿ ಆ ಆರ್ಕೆಸ್ಟ್ರಾವನ್ನು ತಾವು ಹುಟ್ಟಿದ ಚೀನಾಕ್ಕೆ ಕರೆದೊಯ್ದದ್ದು ದೊಡ್ಡ ಕೆಲಸ. ಆದರೆ ಕಡೆಕಡೆಗೆ ನುಡಿಸಾಣಿಕೆ ಸಪ್ಪೆಯಾಗಿದೆ, ಅತಿಯಾಗಿ ಉಳಿದರು ಅಂತ ಅಲ್ಲಿನ ವಿಮರ್ಶಕರು ಬರೆದರು. ಟ್ಯಾಂಗಲ್‌ವುಡ್ ಕಲಿಕಾ ಕೇಂದ್ರದಲ್ಲಿ ಅವರು ತಂದ ಬದಲಾವಣೆಗಳನ್ನು ಒಪ್ಪದೆ ಪಿಯಾನೊ ವಾದಕ ಲಿಯೋನ್ ಫ್ಲೈಶರ್ 1997ರಲ್ಲಿ ಹೊರನಡೆದರು. ಆ ವರ್ಷಗಳ ಧ್ವನಿಮುದ್ರಣಗಳನ್ನು ಕೇಳಿದರೆ ವಿಮರ್ಶಕರ ಮಾತು ಪೂರ್ತಿ ಸುಳ್ಳಲ್ಲ ಅನ್ನಿಸುತ್ತದೆ. ಒಳ್ಳೆಯ ನೌಕರನ ಕೆಲಸದ ಹಾಗಿದೆ.

ಆ ಬಾಸ್ಟನ್ ವರ್ಷಗಳಲ್ಲಿ ಅವರ ಹೆಂಡತಿ ಮಕ್ಕಳು ಇದ್ದದ್ದು ಮಾತ್ರ ಟೋಕಿಯೊದಲ್ಲಿ. ಮಕ್ಕಳು ಜಪಾನೀಯರಾಗಿಯೇ ಬೆಳೆಯಬೇಕು ಅಂತ ತೀರ್ಮಾನಿಸಿ, ತಾವು ವಿಮಾನದಲ್ಲಿ ಹೋಗಿಬಂದು ಮಾಡಿಕೊಂಡಿದ್ದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಧಾರವಾಡದ ಕಡೆ ಹೋದಾಗ ಮಾಡಿದ್ದು ಇದರ ತದ್ವಿರುದ್ಧ. ಮಗಳು ಆಗ ಐದನೆಯ ಇಯತ್ತೆ. ಶಾಲೆ ಕೆಡುತ್ತದೆ ಅಂತ ಹೆಂಡತಿ ಮಕ್ಕಳನ್ನು ಡೊಂಬಿವಲಿಯಲ್ಲೇ ಬಿಟ್ಟು, ಕನ್ನಡದ ಊರಿಗೆ ನಾನೊಬ್ಬನೇ ಹೋದೆ. ಮೂರು ವರ್ಷ ಕನ್ನಡ ಶಾಲೆಯ ಎದುರಿನ ಖೋಲಿಯಲ್ಲಿ ಒಬ್ಬನೇ ಅಡಿಗೆ ಮಾಡಿಕೊಂಡಿದ್ದೆ. ಒಜಾವಾ ಅವರ ಮಗಳು ಇಂದು ಜಪಾನಿ ಭಾಷೆಯ ಲೇಖಕಿ, ಮಗ ಅಲ್ಲಿನ ನಟ. ನನ್ನ ಮಗಳು ಮನೆಯಲ್ಲಿ ಚೆಂದ ಧಾರವಾಡ ಕನ್ನಡ ಆಡುತ್ತಾಳೆ, ಒಂದಕ್ಷರ ಓದಲು ಬರುವುದಿಲ್ಲ. ಅವರ ಖಾತೆಯಲ್ಲೂ ಡೆಬಿಟ್ ಇದೆ ಬಿಡಿ. ಮಕ್ಕಳ ಎಷ್ಟು ಹುಟ್ಟುಹಬ್ಬಗಳು ವಿಮಾನದಲ್ಲಿ ಹೋದವೋ. ಆದರೆ ಅವರು ಯಾವುದನ್ನು ಕಳೆದುಕೊಳ್ಳಬೇಕು ಅಂತ ಯೋಚಿಸಿ ಕಳೆದುಕೊಂಡರು. ನಾನು ಯೋಚಿಸಲೇ ಇಲ್ಲ.

ಗುರು ಸಾಯ್ತೊ 1974ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, 1984ರಲ್ಲಿ, ಒಜಾವಾ ಮತ್ತು ಇನ್ನೊಬ್ಬ ಶಿಷ್ಯ ಕಾಜುಯೊಶಿ ಆಕಿಯಾಮಾ, ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಚದುರಿಹೋಗಿದ್ದ ಗುರುವಿನ ಶಿಷ್ಯರನ್ನೆಲ್ಲ ಕೂಡಿಸಿ ಸ್ಮರಣೆಯ ಕಛೇರಿ ಮಾಡಿದರು. ಅದೇ ಸಾಯ್ತೊ ಕಿನೆನ್ ಆರ್ಕೆಸ್ಟ್ರಾ ಆಯಿತು. ಕಿನೆನ್ ಅಂದರೆ ಸ್ಮರಣೆ. 1992ರಿಂದ ಪ್ರತಿವರ್ಷ ಉತ್ಸವ, ಅದೂ ಎಲ್ಲಿ, ಸುಜುಕಿಯವರ ಮಾತ್ಸುಮೊತೊದಲ್ಲಿ! ಈ ಆರ್ಕೆಸ್ಟ್ರಾದೊಂದಿಗಿನ ಅವರ ಬ್ರಾಹ್ಮ್ಸ್ ಕೇಳಿ. ಪುಸ್ತಕದ ಭಾಷೆ ಹೋಗಿಬಿಟ್ಟಿದೆ. ತಂತಿವಾದ್ಯಗಳೆಲ್ಲ ಒಂದೇ ಮೇಷ್ಟ್ರ ಬೈಗುಳ ತಿಂದ ಕೈಗಳು. ಒಬ್ಬರು ಮಾತು ಶುರು ಮಾಡಿದರೆ ಇನ್ನೊಬ್ಬರು ಮುಗಿಸುತ್ತಾರೆ. ಬ್ರಾಹ್ಮ್ಸ್ ಇವರ್ಯಾರಿಗೂ ತಾಯಿನುಡಿಯಲ್ಲ. ಆದರೆ ಆ ವ್ಯಾಕರಣದ ಶಾಲೆಯೇ ಇವರಿಗೆ ಊರು. ಬಾಸ್ಟನ್‌ನಲ್ಲಿ ಇಪ್ಪತ್ತೊಂಬತ್ತು ವರ್ಷದಲ್ಲಿ ಸಿಗದ ಬಿಸಿ ಇಲ್ಲಿ ಸಿಕ್ಕದ್ದು ಅದಕ್ಕೇ ಅಂತ ನನ್ನ ತೀರ್ಮಾನ. ಬಲ್ಲವರು ಒಪ್ಪದಿರಬಹುದು.

ಇದನ್ನು ಕೇಳುವಾಗ ಪುಣೆ ನೆನಪಾಗದೆ ಇರುವುದಿಲ್ಲ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, ಗದಗಿನ ಕಡೆಯಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು 1953ರಿಂದ ಗುರುವಿನ ಹೆಸರಲ್ಲಿ ಉತ್ಸವ ನಡೆಸಿದರು. ಪರಊರಿನಲ್ಲಿ ನಿಂತ ಶಿಷ್ಯ ಗುರುವಿನ ಹೆಸರಿನ ಪೆಂಡಾಲು ಹಾಕುವುದು, ಅದಕ್ಕೆ ಊರಿನವರನ್ನು ಕರೆಯುವುದು. 2011ರಲ್ಲಿ ಭೀಮಸೇನರು ತೀರಿಕೊಂಡ ಮೇಲೆ ಅದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವಾಯಿತು. ಗುರುವಿನ ಹೆಸರು ಮೊದಲು, ಶಿಷ್ಯನದು ಪಕ್ಕದಲ್ಲಿ. ಮಾತ್ಸುಮೊತೊದಲ್ಲಿ 2015ರಲ್ಲಿ, ಒಜಾವಾ ಬದುಕಿರುವಾಗಲೇ, ಉತ್ಸವದ ಹೆಸರಿನಿಂದ ಗುರುವನ್ನು ತೆಗೆದು ಒಜಾವಾ ಮಾತ್ಸುಮೊತೊ ಉತ್ಸವ ಅಂತ ಮಾಡಿದರು. ಆರ್ಕೆಸ್ಟ್ರಾಕ್ಕೆ ಮಾತ್ರ ಸಾಯ್ತೊ ಹೆಸರು ಉಳಿಯಿತು. ಇದು ನನಗೆ ಸರಿಬರಲಿಲ್ಲ. ಪುಣೆಯವರ ರೀತಿಯೇ ಚೆಂದ.

ಒಜಾವಾ ತೀರಿಕೊಂಡಾಗ ಮಗಳು ಪುಣೆಯಿಂದ ಒಂದು ಪುಸ್ತಕ ತಂದುಕೊಟ್ಟಳು. ಕಾದಂಬರಿಕಾರ ಹಾರುಕಿ ಮುರಾಕಾಮಿ ಅವರ ಜೊತೆ ಕೂತು ಧ್ವನಿಮುದ್ರಣ ಕೇಳುತ್ತ ಆಡಿದ ಮಾತುಕತೆ. ಜಪಾನಿಯಲ್ಲಿ 2011ರಲ್ಲಿ ಬಂದದ್ದು, ನಾನು ಓದಿದ್ದು 2016ರ ಇಂಗ್ಲಿಷ್ ಅನುವಾದ. 2010ರಲ್ಲಿ ಒಜಾವಾ ಅವರಿಗೆ ಅನ್ನನಾಳದ ಕ್ಯಾನ್ಸರ್ ಆಗಿ, ಕೈಕಟ್ಟಿ ಕೂರಬೇಕಾಗಿ ಬಂದದ್ದರಿಂದ ಹುಟ್ಟಿದ ಪುಸ್ತಕ. ಮುರಾಕಾಮಿ ದೊಡ್ಡ ಕೇಳುಗ. ಆದರೆ ಅವರ ಪ್ರಶ್ನೆಗಳು ಕೆಲವು ಕಡೆ ಉತ್ತರಕ್ಕಿಂತ ಉದ್ದ, ಮತ್ತು 1962ರ ಆ ಖಾಲಿ ಸಭಾಂಗಣದ ಹತ್ತಿರ ಅವರು ಬೇಕಾದಷ್ಟು ನಿಲ್ಲುವುದಿಲ್ಲ. ನನಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ. ನ್ಯೂಯಾರ್ಕಿನ ದಿನಗಳಲ್ಲಿ ಒಜಾವಾ ಅವರಿಗೆ ಇಂಗ್ಲಿಷ್ ಸರಿಯಾಗಿ ತಿಳಿಯುತ್ತಿರಲಿಲ್ಲ, ಬರ್ನ್‌ಸ್ಟೈನ್ ಹೇಳಿದ್ದರಲ್ಲಿ ಎಷ್ಟೋ ತಪ್ಪಿಹೋಯಿತು ಅಂತ ಎಪ್ಪತ್ತೈದರ ವಯಸ್ಸಿನಲ್ಲೂ ಹಳಹಳಿಸುತ್ತಾರೆ.

ಮೊನ್ನೆ ಮಗಳಿಗೆ 'ನವೆಂಬರ್ ಸ್ಟೆಪ್ಸ್' ಮೊಬೈಲಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು. 'ಅಪ್ಪಾ, ಈ ಕೊಳಲಿನವ ಯಾರ ಕೂಡ ಜಗಳಾ ಮಾಡಾಕತ್ತಾನ?'

'ಇಲ್ಲವ್ವಾ,' ಅಂದೆ, 'ಪೂರ್ತಿ ಕೇಳು. ಆಮ್ಯಾಲ ಫೋನ್ ಮಾಡು.'